ಸೀಟಿ ಊದಿದ ಟೀಚರಮ್ಮ

ಸ್ವಿಟ್ಜರ್‌ಲೆಂಡಿನಲ್ಲಿ 2018ರ ನವೆಂಬರ್‌ನಲ್ಲಿ ಹಸುವಿನ ಕೊಂಬಿನ ಬಗ್ಗೆ ದೇಶಕ್ಕೆ ದೇಶವೇ ಮತ ಹಾಕಿತು. ಕರುವಾಗಿದ್ದಾಗಲೇ ಕೊಂಬು ಸುಟ್ಟುಹಾಕುವ ರೂಢಿ ಅಲ್ಲಿದೆ. ಹಾಗೆ ಮಾಡದೆ ಕೊಂಬು ಉಳಿಸಿಕೊಂಡ ರೈತನಿಗೆ ಸರ್ಕಾರ ಸಹಾಯಧನ ಕೊಡಬೇಕೋ ಬೇಡವೋ ಎಂಬುದು ಪ್ರಶ್ನೆ. ಬೇಡ ಎಂದು ತೀರ್ಮಾನವಾಯಿತು, ಅದಿರಲಿ. ದನದ ತಲೆಯ ಮೇಲಿನ ಎರಡು ಕೊಂಬಿನ ವಿಚಾರದಲ್ಲೂ ಪ್ರಜೆಗಳನ್ನು ಕೇಳದೆ ಹೆಜ್ಜೆ ಇಡದ ದೇಶ ಅದು. ವರ್ಷಕ್ಕೆ ಮೂರ್ನಾಲ್ಕು ಸಲ ಮತಪತ್ರ ಮನೆಗೇ ಬರುತ್ತದೆ. ಸುರಂಗ ಕೊರೆಯಲೇ, ತೆರಿಗೆ ಏರಿಸಲೇ, ಯುದ್ಧವಿಮಾನ ಕೊಳ್ಳಲೇ? ಎಲ್ಲವನ್ನೂ ಕೇಳಿಯೇ ಕೇಳುತ್ತಾರೆ. ಇಂಥ ದೇಶ, 1848ರಲ್ಲಿ ಸಂವಿಧಾನ ಬರೆದುಕೊಂಡ ಮೇಲೆ, ತನ್ನ ಮನೆಯಲ್ಲೇ ಇರುವ ಹೆಂಗಸರಿಗೂ ಮತ ಕೊಡಬಹುದೇನೋ ಎಂಬ ತೀರ್ಮಾನಕ್ಕೆ ಬರಲು 123 ವರ್ಷ ತೆಗೆದುಕೊಂಡಿತು. ಆತುರಕ್ಕೆ ಬಿದ್ದು ಆಮೇಲೆ ಕೈ ಹಿಸುಕಿಕೊಳ್ಳುವ ಜಾಯಮಾನವಲ್ಲ ಅವರದು.

ಆ 123 ವರ್ಷಗಳ ಕೊನೆಗೆ ಒಬ್ಬ ಟೀಚರಮ್ಮ ಬರುತ್ತಾರೆ. ಹೆಸರು ಎಮಿಲಿ ಲೀಬರ್‌ಹೆರ್. ಹುಟ್ಟಿದ್ದು 1924ರಲ್ಲಿ, ಊರಿ ಎಂಬ ಕ್ಯಾಂಟನ್ನಿನ, ಅಂದರೆ ಅಲ್ಲಿನ ರಾಜ್ಯದ, ಎರ್ಸ್ಟ್‌ಫೆಲ್ಡ್‌ನಲ್ಲಿ. ಗೊತ್ತಾರ್ಡ್ ಬೆಟ್ಟ ಹತ್ತುವ ರೈಲಿನಿಂದಲೇ ಬದುಕಿದ ಊರು. ನಮ್ಮವರ ಪ್ಯಾಕೇಜ್ ಟೂರಿನ ಬಸ್ಸು ಲುಝರ್ನ್, ಟಿಟ್ಲಿಸ್, ಯುಂಗ್‌ಫ್ರಾವ್ ಎಂದು ಸುತ್ತಿಸಿ ಪುಳಿಯೋಗರೆ ಬಡಿಸಿ ಕರೆತರುತ್ತದೆ, ಎರ್ಸ್ಟ್‌ಫೆಲ್ಡ್‌ನಲ್ಲಿ ನಿಲ್ಲಿಸುವುದಿಲ್ಲ. ನಿಲ್ಲಿಸಿದರೂ ಫೋಟೋ ತೆಗೆಯಲು ಅಲ್ಲಿ ಇರುವುದು ಹಳಿ ಮತ್ತು ಬೆಟ್ಟ.

ಟೀಚರಮ್ಮನ ಓದು, ಕೆಲಸದ ಪಟ್ಟಿ ನೋಡಿದರೆ ಒಂದು ಕಡೆ ನಿಂತ ಜೀವವಲ್ಲ. ಕ್ಯಾಥೊಲಿಕ್ ಸನ್ಯಾಸಿನಿಯರ ವಸತಿಶಾಲೆಯಲ್ಲಿ ಓದಿದರು, ಬ್ಯಾಂಕಿನಲ್ಲಿ ಸೆಕ್ರೆಟರಿಯಾದರು, ಬರ್ನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದರು, ನಡುವೆ ಅಮೆರಿಕಕ್ಕೆ ಹೋಗಿ ಹಾಲಿವುಡ್ ನಟ ಹೆನ್ರಿ ಫೋಂಡಾ ಮನೆಯಲ್ಲಿ ಮಕ್ಕಳ ಉಸ್ತುವಾರಿ ನೋಡಿಕೊಂಡರು. ಜೇನ್ ಮತ್ತು ಪೀಟರ್ ಎಂಬ ಆ ಮಕ್ಕಳು ಮುಂದೆ ಏನಾದರು ಎಂಬುದು ಜಗತ್ತಿಗೇ ಗೊತ್ತು. ಹುಡುಗಿ ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿಗಿಳಿದಳು. ಹುಡುಗ 1969ರಲ್ಲಿ ಮಾದಕವಸ್ತು ಮಾರಿದ ದುಡ್ಡನ್ನು ಬೈಕಿನ ಟ್ಯಾಂಕಿನಲ್ಲಿ ಬಚ್ಚಿಟ್ಟುಕೊಂಡು ಊರೂರು ಅಲೆಯುವ 'ಈಸಿ ರೈಡರ್' ಸಿನಿಮಾ ತೆಗೆದ. ಶಿಸ್ತಿನ ಸ್ವಿಸ್ ಪಾಲನೆಯಿಂದ ಮಕ್ಕಳು ದಾರಿಗೆ ಬರುತ್ತಾರೆ ಎಂದು ನಂಬಿ ದುಬಾರಿ ಬೋರ್ಡಿಂಗ್ ಶಾಲೆಗೆ ಕಳಿಸುವ ತಂದೆತಾಯಿ ಇದನ್ನು ಗಮನಿಸಬೇಕು.

1960ರಲ್ಲಿ ಜ್ಯೂರಿಚ್‌ಗೆ ಬಂದು ಅಂಗಡಿ ಕೆಲಸದ ಹುಡುಗಿಯರಿಗೆ ಪಾಠ ಹೇಳುವ ವೃತ್ತಿಶಾಲೆಯಲ್ಲಿ ಟೀಚರಾದರು. ಕೌಂಟರಿನ ಆಚೆ ನಿಂತು ಗಿರಾಕಿಗೆ ಹೇಗೆ ಮಾರಬೇಕು ಎಂಬುದು ಪಾಠ. ಮರುವರ್ಷವೇ ಕೌಂಟರಿನ ಈಚೆ ನಿಂತು ಕೊಳ್ಳುವ ಹೆಂಗಸರದೊಂದು ಗ್ರಾಹಕ ವೇದಿಕೆ ಕಟ್ಟುವುದಕ್ಕೆ ಕೈ ಹಾಕಿದರು. 1965ರಿಂದ 1978ರ ತನಕ ಅದಕ್ಕೆ ಅವರೇ ಅಧ್ಯಕ್ಷೆ. ಹಗಲು ಮಾರುವವರಿಗೆ ಪಾಠ, ಸಂಜೆ ಕೊಳ್ಳುವವರಿಗೆ ಪಾಠ. ಚೀಟಿಯ ಮೇಲೆ ಬರೆದ ಬೆಲೆ ಓದು, ತೂಕ ನೋಡು, ಅನುಮಾನ ಬಂದರೆ ಕೇಳು. ಗಂಡಸರಿಗೂ ಇದು ಬಹಳ ಹಿಡಿಸಿತ್ತು. ಹೆಂಗಸು ಸಕ್ಕರೆಯ ತೂಕದ ಬಗ್ಗೆ ಪ್ರಶ್ನೆ ಕೇಳಿದರೆ ಮನೆಗೇ ಲಾಭ. ಸಕ್ಕರೆಯ ಮೇಲಿನ ಸುಂಕದ ಬಗ್ಗೆ ಕೇಳಿದರೆ ಮಾತ್ರ ಸಂಸಾರ ಒಡೆಯುತ್ತದೆ.

ಈ ಸಂಸಾರ ಒಡೆಯುವ ಸಿದ್ಧಾಂತ ಸ್ವಲ್ಪ ವಿವರಿಸಬೇಕು, ಏಕೆಂದರೆ ಅದರಲ್ಲಿ ತರ್ಕದ ಸೊಗಸಿದೆ. ಹೆಂಡತಿ ಗಂಡ ಹೇಳಿದವರಿಗೇ ಮತ ಹಾಕಿದರೆ ಅದು ದಂಡ, ಎಣಿಸುವವರಿಗೆ ಎರಡು ಪಟ್ಟು ಕೆಲಸ. ಬೇರೆಯವರಿಗೆ ಹಾಕಿದರೆ ರಾತ್ರಿ ಊಟದ ಹೊತ್ತಿಗೆ ಜಗಳ. ಹೀಗಾಗಿ ಎರಡೂ ಕಡೆಯಿಂದ ಹೆಂಗಸಿಗೆ ಮತ ಬೇಡ. ಗೋಡೆಗಳ ಮೇಲೆ ಪೋಸ್ಟರ್ ಬೇರೆ. ಒಂದು ಪೋಸ್ಟರಿನಲ್ಲಿ ಮಗು ಚೀಪುವ ರಬ್ಬರ್ ನಿಪ್ಪಲ್ಲು, ಅದರ ಮೇಲೆ ಕೂತ ಒಂದು ದೊಡ್ಡ ನೊಣ, ಕೆಳಗೆ 'ಬೇಡ' ಎಂಬ ಕರೆ. ಅಮ್ಮ ಮತಗಟ್ಟೆಗೆ ಹೋದ ಹತ್ತು ನಿಮಿಷದಲ್ಲಿ ನೊಣ ಬಂದು ಕೂರುತ್ತದೆ. ಅಪ್ಪ ಅದೇ ಮನೆಯಲ್ಲಿ ಇದ್ದಾನಲ್ಲ, ನೊಣ ಓಡಿಸಲು ಅವನಿಗೆ ಏನಾಗಿದೆ ಎಂದು ಆ ಚಿತ್ರ ಬರೆದ ಕಲಾವಿದನನ್ನು ಯಾರೂ ಕೇಳಿದ ಹಾಗಿಲ್ಲ.

ಹಾಗೆಂದು ಗಂಡಸರನ್ನಷ್ಟೇ ಬೈದರೆ ಅನ್ಯಾಯವಾದೀತು. ಹೆಂಗಸರಿಗೆ ಮತದ ಹಕ್ಕು ಬೇಡ ಎನ್ನುವ ಹೆಂಗಸರದೇ ಒಂದು ಸಂಘವಿತ್ತು. ರಾಜಕೀಯ ಹೆಂಗಸಿನ ಸ್ವಭಾವಕ್ಕೆ ಹೊಂದುವುದಿಲ್ಲ ಎಂದು ಸಾರಲು ಆ ಮಹಿಳೆಯರು ಸಭೆ ಕರೆದರು, ಕರಪತ್ರ ಹಂಚಿದರು, ಚಂದಾ ಎತ್ತಿದರು, ಪತ್ರಿಕೆಗೆ ಬರೆದರು. ಅವರ ರಾಜಕೀಯ ಸಾಮರ್ಥ್ಯ ಕಂಡು ನನಗಂತೂ ತಲೆಬಾಗಬೇಕು ಅನ್ನಿಸುತ್ತದೆ.

ಕಡತದ ಕಥೆ ಇನ್ನೂ ಚೆನ್ನ. 1919ರಲ್ಲೇ ಸಂಸತ್ತಿನಲ್ಲಿ ಇಬ್ಬರು ಸದಸ್ಯರು ಮಹಿಳಾ ಮತದಾನದ ನಿರ್ಣಯ ಮಂಡಿಸಿ, ಸದನ ಅದನ್ನು ಸರ್ಕಾರಕ್ಕೆ ಕಳಿಸಿಕೊಟ್ಟಿತು. ಸರ್ಕಾರ ಅದನ್ನು ಜೋಪಾನವಾಗಿ ಇಟ್ಟುಕೊಂಡಿತು. 1934ರಲ್ಲಿ ಮಂತ್ರಿ ಹೇಬರ್ಲಿನ್ ನಿವೃತ್ತರಾಗಿ ಕುರ್ಚಿ ಬಿಟ್ಟುಕೊಡುವಾಗ ಮುಂದಿನ ಮಂತ್ರಿ ಬೌಮನ್‌ಗೆ, ಹೆಂಗಸರ ಮತದಾನದ ಕಾಗದಪತ್ರ ಮೇಜಿನ ಬಲಗಡೆಯ ನಡುವಿನ ಡ್ರಾಯರಿನಲ್ಲಿದೆ ಎಂದು ತೋರಿಸಿಕೊಟ್ಟರಂತೆ. ಸ್ವಿಸ್ ಆಡಳಿತದ ಅಚ್ಚುಕಟ್ಟು ಎಂದರೆ ಇದು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಹದಿನೈದು ವರ್ಷ ಕೆಲಸ ನಿಂತ ಕಡತ ಎಲ್ಲಿದೆ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಅಲ್ಲಿ ಡ್ರಾಯರಿನ ಸಮೇತ ಹೇಳುತ್ತಾರೆ.

ಡ್ರಾಯರಿನಿಂದ ಕಡತವನ್ನು ಹೊರಗೆ ತೆಗೆಸಿದ್ದು ಯಾವುದು ಅಂದುಕೊಂಡಿರಿ? ನ್ಯಾಯವೂ ಅಲ್ಲ, ನಾಚಿಕೆಯೂ ಅಲ್ಲ. ಅಣುಬಾಂಬಿನ ಭಯ. 1957ರಲ್ಲಿ ಯುದ್ಧಕಾಲದ ನಾಗರಿಕ ರಕ್ಷಣಾ ಸೇವೆಯನ್ನು ಹೆಂಗಸರಿಗೂ ಕಡ್ಡಾಯ ಮಾಡುವ ಆಲೋಚನೆ ಸರ್ಕಾರಕ್ಕೆ ಬಂತು. ಕಡ್ಡಾಯ ಮಾಡಲೇ ಎಂದು ಯಥಾಪ್ರಕಾರ ಮತಕ್ಕೆ ಹಾಕಿದರು. ಮತ ಹಾಕುವವರು ಗಂಡಸರು, ಸೇವೆಗೆ ಹೋಗುವವರು ಹೆಂಗಸರು. ವಾಲೇ ಕ್ಯಾಂಟನ್ನಿನ ಉಂಟರ್‌ಬೇಖ್ ಎಂಬ ಬೆಟ್ಟದ ಹಳ್ಳಿಯಲ್ಲಿ ಇದು ವಿಪರೀತ ಅನ್ನಿಸಿ, ಹೆಂಗಸರೂ ಬಂದು ಮತ ಹಾಕಿ ಎಂದು ಪಂಚಾಯಿತಿಯವರೇ ಕರೆದರು. ಹೆಂಗಸರು ಬಂದು ಬೇರೆ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರು. ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸರ್ಕಾರಕ್ಕೆ ಮಾತ್ರ ತಲೆನೋವು ಶುರುವಾಯಿತು.

ಅಂತೂ 1959ರ ಫೆಬ್ರವರಿ 1ರಂದು ಗಂಡಸರನ್ನು ಕೇಳಿಯೇಬಿಟ್ಟರು. ನೂರಕ್ಕೆ 67 ಮಂದಿ ಬೇಡ ಎಂದರು. ಕಠಾರಿ ಹಿಡಿದು ಬಂದ ಗಂಡಸರಷ್ಟೇ ಬಯಲಿನಲ್ಲಿ ಕೈಯೆತ್ತಿ ಮತ ಹಾಕುತ್ತಿದ್ದ ಅಪೆನ್‌ಝೆಲ್ ಇನ್ನರ್‌ರೋಡನ್ ಕ್ಯಾಂಟನ್ನಿನಲ್ಲಿ ಬೇಡ ಎಂದವರು ನೂರಕ್ಕೆ 95ರ ಆಸುಪಾಸು. ಎರಡು ದಿನ ಕಳೆದು ಬಾಸೆಲ್‌ನ ಹೆಣ್ಣುಮಕ್ಕಳ ಹೈಸ್ಕೂಲಿನ ಟೀಚರಮ್ಮಂದಿರು ಒಂದು ದಿನ ಕ್ಲಾಸಿಗೆ ಹೋಗದೆ ಮುಷ್ಕರ ಹೂಡಿದರು. ಮತದಾನ ಎಂದರೇನು ಎಂದು ಹುಡುಗಿಯರಿಗೆ ಪೌರನೀತಿ ಪಾಠ ಮಾಡಬೇಕಾದವರು ಅವರೇ. ಯಾವ ಮುಖ ಹೊತ್ತು ಮಾಡುವುದು? ಆಡಳಿತ ಅವರ ಒಂದು ದಿನದ ಸಂಬಳ ಕತ್ತರಿಸಿತು. ಮತ ಎಣಿಸಲು ಹಿಂದೆಮುಂದೆ ನೋಡುವ ದೇಶ ದುಡ್ಡು ಎಣಿಸುವುದರಲ್ಲಿ ತಡ ಮಾಡಿದ್ದಿಲ್ಲ.

ಇಲ್ಲೊಂದು ನಮ್ಮ ಕಡೆಯ ನಂಟಿದೆ. ಕಮಲಾ ನೆಹರೂ ಅವರ ಕ್ಷಯದ ಚಿಕಿತ್ಸೆಗೆಂದು ನೆಹರೂ ಕುಟುಂಬ ಸ್ವಿಟ್ಜರ್‌ಲೆಂಡಿನಲ್ಲಿದ್ದಾಗ ಪುಟ್ಟ ಇಂದಿರಾ ಬೆಕ್ಸ್ ಎಂಬ ಊರಿನ ಶಾಲೆಯಲ್ಲಿ ಓದಿದ್ದಳು. ಆ ಹುಡುಗಿ 1966ರಲ್ಲಿ ಭಾರತದ ಪ್ರಧಾನಿಯಾದಳು. ಅಷ್ಟರಲ್ಲಿ ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಅಜ್ಜಿಯರು ಮೂರು ಮಹಾಚುನಾವಣೆಗಳಲ್ಲಿ ಮತ ಹಾಕಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮನೆಗೆ ಹೋಗಿಯಾಗಿತ್ತು. ಇಂದಿರಾಗೆ ಅಕ್ಷರ ತಿದ್ದಿಸಿದ ಸ್ವಿಸ್ ಟೀಚರಮ್ಮಂದಿರಿಗೆ ತಮ್ಮ ದೇಶದ ಸಂಸತ್ತಿಗೆ ಯಾರು ಹೋಗಬೇಕು ಎಂದು ಹೇಳುವ ಬಾಯಿರಲಿಲ್ಲ. ರಾಜಕೀಯ ಪ್ರಬುದ್ಧತೆ ಬರಲಿ, ಕಾಯೋಣ ಎಂಬುದು ಅಲ್ಲಿನ ಹಿರಿಯರ ಅಭಿಪ್ರಾಯವಾಗಿತ್ತು.

1968ರಲ್ಲಿ ಸರ್ಕಾರ ಇನ್ನೊಂದು ಚಮತ್ಕಾರಕ್ಕೆ ಕೈ ಹಾಕಿತು. ಯುರೋಪಿನ ಮಾನವ ಹಕ್ಕುಗಳ ಒಪ್ಪಂದಕ್ಕೆ ಸಹಿ ಹಾಕೋಣ, ಆದರೆ ಹೆಂಗಸರ ಮತದ ವಿಷಯವನ್ನು ಹೊರಗಿಟ್ಟು ಹಾಕೋಣ ಎಂದಿತು. ಮಾನವ ಹಕ್ಕು ಬೇಕು, ಅದರಲ್ಲಿ ಅರ್ಧ ಮಾನವರು ಬೇಡ. ಹೆಂಗಸರಿಗೆ ರೇಗಿತು. ಬರ್ನ್‌ಗೆ ನಡೆದು ಹೋಗೋಣ ಎಂದರು ಜ್ಯೂರಿಚ್‌ನವರು. ಆಗ ಮಹಿಳಾ ಮತದಾನಕ್ಕಾಗಿಯೇ ದಶಕಗಟ್ಟಲೆ ದುಡಿದ ದೊಡ್ಡ ದೊಡ್ಡ ಸಂಘಗಳ ಮಾನ್ಯ ಮಹಿಳೆಯರು ಹುಬ್ಬು ಗಂಟಿಕ್ಕಿದರು. ಬೀದಿಗೆ ಇಳಿಯುವುದೇ? ಗಂಡಸರು ಬೇಸರ ಮಾಡಿಕೊಂಡರೆ? ಅವರು ಅದೇ ದಿನ ಅದೇ ಊರಿನ ಕುರ್‌ಸಾಲ್ ಸಭಾಂಗಣದಲ್ಲಿ ಕುರ್ಚಿ ಹಾಕಿಸಿಕೊಂಡು ಪ್ರತ್ಯೇಕ ಸಭೆ ನಡೆಸಿದರು. ಕಾಲಿಗೆ ಮಣ್ಣಾಗಲಿಲ್ಲ.

1969ರ ಮಾರ್ಚ್ 1, ಶನಿವಾರ. ಬರ್ನ್‌ನ ಸಂಸತ್ ಭವನದ ಎದುರಿನ ಚೌಕದಲ್ಲಿ ಐದು ಸಾವಿರ ಜನ. ಹೆಂಗಸರೇ ಹೆಚ್ಚು, ಗಂಡಸರೂ ಇದ್ದರು. ಕೆಂಪು ಕೋಟು ತೊಟ್ಟ ಟೀಚರಮ್ಮ ಮೈಕಿನ ಮುಂದೆ ನಿಂತು, ನಾವು ಇಲ್ಲಿ ಬೇಡಲು ಬಂದವರಲ್ಲ, ಕೇಳಿ ಪಡೆಯಲು ಬಂದವರು ಎಂಬ ಅರ್ಥದ ಮಾತಾಡಿದರು. ದೇಶದ ನಾಲ್ಕೂ ಭಾಷೆಗಳಲ್ಲಿ ನಿರ್ಣಯ ಓದಲಾಯಿತು. ಅದನ್ನು ಕೈಗೆ ತೆಗೆದುಕೊಳ್ಳಲು ಏಳು ಮಂತ್ರಿಗಳಲ್ಲಿ ಒಬ್ಬರಾದರೂ ಹೊರಗೆ ಬರಬೇಕಲ್ಲ? ಬರಲಿಲ್ಲ. ಅಷ್ಟು ದೊಡ್ಡ ಕಲ್ಲಿನ ಕಟ್ಟಡ, ಒಂದು ಬಾಗಿಲೂ ತೆರೆಯಲಿಲ್ಲ. ಆಗ ಚೌಕದ ತುಂಬ ಸೀಟಿ ಶುರುವಾಯಿತು. ಆಟದ ಮೈದಾನದಲ್ಲಿ ಡ್ರಿಲ್ ಮೇಷ್ಟ್ರು ಊದುತ್ತಾರಲ್ಲ, ಅಂಥ ಸೀಟಿ. ಕೈಚೀಲ ಹಿಡಿದು ಟೋಪಿ ಇಟ್ಟುಕೊಂಡು ಬಂದ ಗೃಹಿಣಿಯರು ಕೆನ್ನೆ ಉಬ್ಬಿಸಿ ಊದಿದರು. ಶತಮಾನದುದ್ದಕ್ಕೂ ಅರ್ಜಿ, ಮನವಿ, ಮೆಮೊರಾಂಡಮ್ ಓದಿ ಕಿವಿ ಮಂದವಾಗಿದ್ದ ಭವನಕ್ಕೆ ಅದಾದರೂ ಕೇಳಿಸಿತು. ವರ್ಷ ಮುಗಿಯುವುದರೊಳಗೆ ಸರ್ಕಾರ ಮತ್ತೊಂದು ಜನಮತದ ಪ್ರಸ್ತಾವ ತಂದಿತು. ಐವತ್ತು ವರ್ಷದ ಕಡತಕ್ಕೆ ಹತ್ತೇ ತಿಂಗಳಲ್ಲಿ ಕಾಲು ಬಂತು.

ಮುಂದಿನದು ಸ್ವಿಸ್ ವ್ಯವಸ್ಥೆ ಮಾತ್ರವೇ ಹೆಣೆಯಬಲ್ಲ ಪ್ರಸಂಗ. ಜ್ಯೂರಿಚ್ ನಗರ ತನ್ನ ಮಟ್ಟಿಗೆ ಹೆಂಗಸರಿಗೆ ಮತ ಕೊಟ್ಟಿದ್ದರಿಂದ 1970ರ ಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಟೀಚರಮ್ಮ ನಗರ ಸರ್ಕಾರಕ್ಕೆ ಗೆದ್ದುಬಂದರು. ಆ ಒಂಬತ್ತು ಕುರ್ಚಿಗಳಲ್ಲಿ ಕೂತ ಮೊದಲ ಹೆಂಗಸು. ದೇಶದ ಅತಿ ದೊಡ್ಡ ನಗರದ ಸಮಾಜ ಕಲ್ಯಾಣ ಇಲಾಖೆಯೇ ಕೈಗೆ ಬಂತು. ವೃದ್ಧರು, ಅನಾಥರು, ನಿರುದ್ಯೋಗಿಗಳು, ಎಲ್ಲರ ಹಣೆಬರಹಕ್ಕೂ ಅವರು ಸಹಿ ಹಾಕಬಹುದು. ರಾಷ್ಟ್ರಮಟ್ಟದ ಮತಗಟ್ಟೆಗೆ ಮಾತ್ರ ಕಾಲಿಡುವಂತಿಲ್ಲ. ಅವರ ಕಚೇರಿಯ ಕಸ ಗುಡಿಸುವವನು ಗಂಡಸಾಗಿದ್ದರೆ ಅವನು ಇಡಬಹುದು.

1971ರ ಫೆಬ್ರವರಿ 7ಕ್ಕೆ ಅದೂ ಸರಿಹೋಯಿತು. ನೂರಕ್ಕೆ 66 ಗಂಡಸರು ಒಪ್ಪಿದರು. ಹನ್ನೆರಡು ವರ್ಷದ ಹಿಂದೆ ಬೇಡ ಎಂದಿದ್ದವರು ಈಗ ಹೆಚ್ಚುಕಡಿಮೆ ಅದೇ ಅನುಪಾತದಲ್ಲಿ ಬೇಕು ಎಂದರು. ನಡುವೆ ಏನಾಯಿತು ಎಂದು ಯಾರೂ ವಿವರಣೆ ಕೊಡಲಿಲ್ಲ, ನಿಪ್ಪಲ್ಲಿನ ಮೇಲಿನ ನೊಣ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಟೀಚರಮ್ಮನ ತವರು ಊರಿ ಮಾತ್ರ ಆಗಲೂ ಬೇಡವೆಂದೇ ಹಟ ಹಿಡಿಯಿತು. ಮಗಳು ದೊಡ್ಡ ಮನುಷ್ಯಳಾದದ್ದು ತವರಿಗೆ ಹೆಮ್ಮೆಯೇ. ಹಾಗೆಂದು ಅವಳ ಮಾತು ಕೇಳುವುದುಂಟೇ? ಇನ್ನು ಅಪೆನ್‌ಝೆಲ್ ಇನ್ನರ್‌ರೋಡನ್‌ನ ಗಂಡಸರು ತಮ್ಮ ಕ್ಯಾಂಟನ್ನಿನ ವ್ಯವಹಾರದಲ್ಲಿ ಹೆಂಗಸರನ್ನು ಬಿಟ್ಟುಕೊಳ್ಳಲು 1990ರ ಏಪ್ರಿಲ್‌ನಲ್ಲೂ ಒಪ್ಪಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಕಿವಿ ಹಿಂಡಿತು. ಅಷ್ಟು ಹೊತ್ತಿಗೆ ಬರ್ಲಿನ್ ಗೋಡೆ ಬಿದ್ದು ಒಂದು ವರ್ಷವಾಗಿತ್ತು. ಗೋಡೆ ಅಪೆನ್‌ಝೆಲ್‌ನಲ್ಲಿದ್ದಿದ್ದರೆ ಇವತ್ತಿಗೂ ಗಟ್ಟಿಯಾಗಿ ನಿಂತಿರುತ್ತಿತ್ತು.

ಟೀಚರಮ್ಮ ಕುರ್ಚಿಯಲ್ಲಿ ಕೂತ ಮೇಲೆ ಕೆಲಸ ಮಾಡಿದರು ಎಂಬುದನ್ನು ಅವರ ವೈರಿಗಳೂ ಒಪ್ಪುತ್ತಾರೆ. ವಿಚ್ಛೇದನದ ನಂತರ ಮಕ್ಕಳ ಜೀವನಾಂಶ ಕೊಡದೆ ತಲೆ ತಪ್ಪಿಸಿಕೊಳ್ಳುವ ಅಪ್ಪಂದಿರ ವಿಷಯದಲ್ಲಿ ಅವರ ಇಲಾಖೆ ಒಂದು ಉಪಾಯ ಮಾಡಿತು. ತಾಯಿಗೆ ಆ ದುಡ್ಡನ್ನು ನಗರವೇ ಮುಂಗಡವಾಗಿ ಕೊಟ್ಟುಬಿಡುತ್ತದೆ. ಆಮೇಲೆ ಅಪ್ಪನನ್ನು ಹುಡುಕಿಕೊಂಡು ನಗರವೇ ಹೋಗುತ್ತದೆ. ಮಾಜಿ ಹೆಂಡತಿಯ ಫೋನು ಎತ್ತದೆ ಇರಬಹುದು, ಜ್ಯೂರಿಚ್ ನಗರಪಾಲಿಕೆಯ ನೋಟಿಸಿಗೆ ಕಾಗೆ ಹಾರಿಸಲು ಆಗುವುದಿಲ್ಲ. ಈ ಒಂದು ಏರ್ಪಾಟಿನ ಮುಂದೆ ನೂರು ಭಾಷಣ ನಿವಾಳಿಸಿ ಒಗೆಯಬೇಕು. ವೃದ್ಧರಿಗೆ ಮನೆಗಳನ್ನೂ ಕಟ್ಟಿಸಿದರು. 1978ರಲ್ಲಿ ಜ್ಯೂರಿಚ್ ಕ್ಯಾಂಟನ್ ಅವರನ್ನು ಬರ್ನ್‌ನ ಮೇಲ್ಮನೆಗೂ ಆರಿಸಿ ಕಳಿಸಿತು, ಆ ಕ್ಯಾಂಟನ್ನಿನಿಂದ ಅಲ್ಲಿಗೆ ಹೋದ ಮೊದಲ ಹೆಂಗಸು. ನಗರದ ಕುರ್ಚಿಯೂ ಇತ್ತು, ಮೇಲ್ಮನೆಯ ಕುರ್ಚಿಯೂ ಇತ್ತು. ಸೀಟಿ ಊದಿದಾಗ ತೆರೆಯದ ಬಾಗಿಲು ಈಗ 1983ರ ತನಕ ದ್ವಾರಪಾಲಕರ ಸಲಾಮಿನ ಜೊತೆ ತೆರೆಯಿತು. ಬೆಲೆಗಳ ಮೇಲೆ ಸರ್ಕಾರದ ಕಣ್ಣಿರಬೇಕು ಎಂಬ ಗ್ರಾಹಕ ಮಹಿಳೆಯರ ಬೇಡಿಕೆ 1982ರಲ್ಲಿ ಜನಮತದಲ್ಲಿ ಗೆದ್ದಿತು. ಈಗ ಅಲ್ಲಿ ಬೆಲೆ ನೋಡಿಕೊಳ್ಳುವ ಒಬ್ಬ ಅಧಿಕಾರಿಯೇ ಇದ್ದಾನೆ, ಬೆಲೆಗಳೂ ಇವೆ.

ಆದರೆ ಟೀಚರಾಗಿದ್ದವರಿಗೆ ಒಂದು ರೋಗವಿರುತ್ತದೆ, ಕ್ಲಾಸು ಬಿಟ್ಟರೂ ಕ್ಲಾಸು ಅವರನ್ನು ಬಿಡುವುದಿಲ್ಲ. ಸೀಟಿ ಊದಿದವರಿಗೆ ಇನ್ನೊಬ್ಬರು ಊದಿದ ಸೀಟಿ ಸಹ್ಯವಾಗುವುದಿಲ್ಲ. 1980ರಲ್ಲಿ ಅದು ಬಯಲಿಗೆ ಬಂತು. ಜ್ಯೂರಿಚ್‌ನ ಹುಡುಗರು ತಮ್ಮದೇ ಉಸ್ತುವಾರಿಯ ಒಂದು ಯುವಕೇಂದ್ರ ಕೊಡಿ ಎಂದು ವರ್ಷಗಟ್ಟಲೆ ಕೇಳುತ್ತಿದ್ದರು. ನಗರದ ಹತ್ತಿರ ಅದಕ್ಕೆ ದುಡ್ಡಿರಲಿಲ್ಲ. ಅಪೆರಾ ಭವನದ ನವೀಕರಣಕ್ಕೆ ಮಾತ್ರ ಸುಮಾರು 6 ಕೋಟಿ ಫ್ರಾಂಕ್ ಇತ್ತು. ಮೇ 30ರ ಸಂಜೆ ಅಪೆರಾದ ಮುಂದೆ ಹುಡುಗರು ನೆರೆದರು. ಆಮೇಲೆ ಅಶ್ರುವಾಯು, ರಬ್ಬರ್ ಗುಂಡು, ಒಡೆದ ಗಾಜು. ಬ್ಯಾಂಕುಗಳ ಆ ಸಭ್ಯ ನಗರ ಸುಮಾರು ಎರಡು ವರ್ಷ ಹೊಗೆಯಾಡಿತು. ಯುವಜನರ ವಿಷಯ ಯಾರ ಇಲಾಖೆಗೆ ಬರುತ್ತದೆ? ಟೀಚರಮ್ಮನದಕ್ಕೆ.

ಜುಲೈ 15ರ ರಾತ್ರಿಯ ಟಿ.ವಿ. ಚರ್ಚೆಯನ್ನು ಸ್ವಿಸ್ ಜನ ಇವತ್ತಿಗೂ ಮರೆತಿಲ್ಲ. ಮೇಜಿನ ಒಂದು ಕಡೆ ಟೀಚರಮ್ಮ, ಪೊಲೀಸ್ ಖಾತೆಯ ನಗರಸಚಿವ, ಪೊಲೀಸ್ ಕಮಾಂಡರ್. ಇನ್ನೊಂದು ಕಡೆ ಹೋರಾಟದ ಹುಡುಗರ ಪ್ರತಿನಿಧಿಗಳು ಬರಬೇಕು. ಹರಕು ಜಾಕೆಟ್ಟು, ಕೆದರಿದ ಕೂದಲು ಬರುತ್ತದೆ ಎಂದು ಎಲ್ಲರೂ ಕಾದಿದ್ದರು. ಬಂದದ್ದು ಶ್ರೀಮಾನ್ ಮತ್ತು ಶ್ರೀಮತಿ ಮುಲ್ಲರ್. ಅವನು ನೀಟಾಗಿ ಬಾಚಿಕೊಂಡು ಸೂಟು ಟೈ ಕಟ್ಟಿದ್ದ, ಅವಳು ಬ್ಯಾಂಕ್ ಮ್ಯಾನೇಜರನ ಹೆಂಡತಿಯ ವೇಷದಲ್ಲಿ ಕೈ ಮೇಲೆ ಕೈ ಇಟ್ಟು ಕೂತಳು. ಇಬ್ಬರೂ ಗಂಭೀರವಾಗಿ ಶುರುಮಾಡಿದರು: ಈ ಪೋಲಿ ಹುಡುಗರ ಬಗ್ಗೆ ಪೊಲೀಸರು ತೀರಾ ಮೃದುವಾಗಿದ್ದಾರಪ್ಪ, ರಬ್ಬರ್ ಗುಂಡು ಬಹಳ ಸಣ್ಣದಾಯಿತು, ಉತ್ತರ ಐರ್ಲೆಂಡಿನಲ್ಲಿ ಇದಕ್ಕಿಂತ ದೊಡ್ಡದು ಸಿಗುತ್ತದೆ, ಹೊಸದಾಗಿ ತೆರೆದ ಯುವಕೇಂದ್ರ ಮುಚ್ಚಿ, ಸೈನ್ಯ ಕರೆಸಿ. ಹುಡುಗರಿಗೆ ಬುದ್ಧಿ ಹೇಳಲು ತಯಾರಾಗಿ ಬಂದ ಅಧಿಕಾರಸ್ಥರಿಗೆ ಬಾಯಿ ಕಟ್ಟಿತು. ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಎದುರುಗಡೆಯವರು ಗಟ್ಟಿಯಾಗಿ ಹೇಳಿಬಿಟ್ಟಿದ್ದರು. ಒಪ್ಪಿದರೆ ಮಾನ ಹೋಗುತ್ತದೆ, ಒಪ್ಪದಿದ್ದರೆ ಹುಡುಗರ ಪರ ಮಾತಾಡಿದ ಹಾಗಾಗುತ್ತದೆ. ಟೀಚರಮ್ಮನ ಮುಖದಲ್ಲಿ, ಕ್ಲಾಸಿನಲ್ಲಿ ತನ್ನನ್ನೇ ಅಣಕಿಸುವ ಹುಡುಗನನ್ನು ಹಿಡಿಯಲಾಗದ ಸಿಟ್ಟು.

ನನಗೆ ಅವರ ಮೇಲೆ ಕನಿಕರವೇ. ಹನ್ನೊಂದು ವರ್ಷದ ಹಿಂದೆ ಅವರ ಹೆಂಗಸರು ಸೀಟಿ ಊದಿದಾಗ ಒಳಗಿದ್ದ ಮಂತ್ರಿಗಳು ಹೊರಗೆ ಬರದೆ ಜಾಣತನ ತೋರಿದ್ದರು. ಟೀಚರಮ್ಮ ಹೊರಗೆ ಬಂದರು, ಸ್ಟುಡಿಯೋ ದೀಪದ ಕೆಳಗೆ ಕೂತರು, ಸಿಕ್ಕಿಬಿದ್ದರು. ಪ್ರಾಮಾಣಿಕತೆಗೆ ರಾಜಕೀಯದಲ್ಲಿ ಅಷ್ಟೇ ಬೆಲೆ. ಯುವಕೇಂದ್ರ ತೆರೆದರು, ಮುಚ್ಚಿದರು, ಮತ್ತೆ ತೆರೆದರು, 1982ರಲ್ಲಿ ನೆಲಸಮ ಮಾಡಿದರು. ಅಪೆರಾ ಭವನ ಚೆನ್ನಾಗಿಯೇ ಇದೆ.

ಪಕ್ಷದ ಜೊತೆಗೂ ಎಣ್ಣೆ ಸೀಗೆಕಾಯಿ. ಸಮಾಜವಾದಿ ಪಕ್ಷದ ಹೊಸ ತಲೆಮಾರಿಗೆ ಟೀಚರಮ್ಮ ತೀರಾ ಹೆಡ್‌ಮಿಸ್ಸು ಅನ್ನಿಸಿದರು. ಟೀಚರಮ್ಮನಿಗೆ ಅವರು ಹೋಮ್‌ವರ್ಕ್ ಮಾಡದ ಹುಡುಗರು. ಟೀಚರಮ್ಮ ಕಾರ್ಮಿಕ ಸಂಘಗಳ ಬೆಂಬಲದಿಂದಲೇ ಗೆದ್ದು ಬರತೊಡಗಿದರು. 1990ರಲ್ಲಿ ಮೇಯರ್ ಸ್ಥಾನಕ್ಕೆ ಪಕ್ಷದ ಎಸ್ಟರ್‌ಮನ್ ನಿಂತರೆ ಇವರು ಎದುರಾಳಿ ಲಿಬರಲ್ ಪಕ್ಷದ ವಾಗ್ನರ್ ಪರ ನಿಂತರು. ಪಕ್ಷ ಹೊರಗೆ ಹಾಕಿತು. ಎಸ್ಟರ್‌ಮನ್ ಗೆದ್ದರು. ಟೀಚರಮ್ಮ ಯಾವ ಪಕ್ಷದ ಹಂಗೂ ಇಲ್ಲದೆ 1994ರ ತನಕ ಅದೇ ಕುರ್ಚಿಯಲ್ಲಿ ಗೂಟ ಹೊಡೆದುಕೊಂಡು ಕೂತರು, ಒಟ್ಟು 24 ವರ್ಷ. ಪಕ್ಷದವರು ಈಗ ಅವರನ್ನು ನಮ್ಮವರು ಎಂದು ನೆನೆಯುತ್ತಾರೆ. 2011ರಲ್ಲಿ ತೀರಿಕೊಂಡರಲ್ಲ, ಇನ್ನು ಯಾರನ್ನೂ ಬೆಂಬಲಿಸುವ ಅಪಾಯವಿಲ್ಲ.

ಆ ಕೊನೆಯ ವರ್ಷಗಳದ್ದೇ ಅವರ ಅತಿ ದೊಡ್ಡ ಪರೀಕ್ಷೆ. ಜ್ಯೂರಿಚ್ ರೈಲು ನಿಲ್ದಾಣದ ಪಕ್ಕ, ರಾಷ್ಟ್ರೀಯ ವಸ್ತುಸಂಗ್ರಹಾಲಯದ ಬೆನ್ನಿಗೆ, ಎರಡು ನದಿ ಕೂಡುವ ಜಾಗದಲ್ಲಿ ಪ್ಲಾಟ್ಸ್‌ಷ್ಪಿಟ್ಸ್ ಎಂಬ ಉದ್ಯಾನವಿದೆ. ಎಂಬತ್ತರ ದಶಕದ ಕೊನೆಗೆ ಅಲ್ಲಿ ಹಾಡಹಗಲೇ ಸಾವಿರಾರು ಜನ ಹೆರಾಯಿನ್ ಕೊಂಡು ತೋಳಿಗೆ ಚುಚ್ಚಿಕೊಳ್ಳುತ್ತಿದ್ದರು. ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಸಿರಿಂಜು, ರಕ್ತ ಒರೆಸಿದ ಹತ್ತಿ. ಅಲ್ಲಿಂದ ಹತ್ತು ನಿಮಿಷ ನಡೆದರೆ ಜಗತ್ತಿನ ಕಪ್ಪುಹಣ ಬಿಳಿ ಅಂಗಿ ತೊಟ್ಟು ಮಲಗಿರುವ ಬಾನ್‌ಹೋಫ್ ಬೀದಿ. ಏಡ್ಸ್ ಹರಡುತ್ತಿದೆ, ಶುದ್ಧ ಸಿರಿಂಜು ಕೊಡೋಣ ಎಂದ ಡಾಕ್ಟರುಗಳಿಗೆ 1985ರಲ್ಲಿ ಕ್ಯಾಂಟನ್ನಿನ ಮುಖ್ಯ ವೈದ್ಯಾಧಿಕಾರಿ, ಕೊಟ್ಟರೆ ನಿಮ್ಮ ಪರವಾನಗಿಗೆ ಕುತ್ತು ಎಂದು ಹೆದರಿಸಿದ. ನೂರಾರು ಡಾಕ್ಟರುಗಳು, ನಾವು ಕೊಟ್ಟೇ ಕೊಡುತ್ತೇವೆ ಎಂದು ಸಹಿ ಹಾಕಿದ ಮೇಲೆ ಆಜ್ಞೆ ಮೆತ್ತಗಾಯಿತು. 1992ರ ಫೆಬ್ರವರಿಯಲ್ಲಿ ಪೊಲೀಸರು ಪಾರ್ಕಿಗೆ ಬೀಗ ಹಾಕಿದರು. ಜನ ಸ್ವಲ್ಪ ಮುಂದಿನ ಹಾಳುಬಿದ್ದ ಲೆಟ್ಟನ್ ರೈಲು ನಿಲ್ದಾಣಕ್ಕೆ ಸರಿದರು. ಪಾರ್ಕು ಸ್ವಚ್ಛವಾಯಿತು ಎಂದು ವರದಿಯಾಯಿತು.

ಆಗ ಟೀಚರಮ್ಮ, ಆ ವಯಸ್ಸಿನ, ಕ್ಯಾಥೊಲಿಕ್ ಹಾಸ್ಟೆಲಿನಲ್ಲಿ ಬೆಳೆದ ಹೆಂಗಸಿನ ಬಾಯಲ್ಲಿ ಯಾರೂ ನಿರೀಕ್ಷಿಸದ ಮಾತಾಡತೊಡಗಿದರು: ಬಿಡಲಾರದವರಿಗೆ ಹೆರಾಯಿನ್ನನ್ನು ಸರ್ಕಾರವೇ ಕೊಡಲಿ. ಬಲಪಂಥದವರು ಹೌಹಾರಿದರು, ಪೊಲೀಸರು ನಕ್ಕರು. ಅವರದು ಶುದ್ಧ ಟೀಚರ್ ತರ್ಕ. ಕಾಂಪೌಂಡಿನ ಹಿಂದೆ ಹೋಗಿ ಕದ್ದು ಮಾಡುವುದಿದ್ದರೆ ನನ್ನ ಕಣ್ಣೆದುರಿಗೇ ಮಾಡು, ಹಾಜರಿ ಹಾಕಿ ಮಾಡು. 1994ರ ಆರಂಭದಲ್ಲಿ ಪ್ರಯೋಗ ಶುರುವಾಯಿತು, ಆ ವರ್ಷವೇ ಅವರು ಕುರ್ಚಿ ಬಿಟ್ಟರು. ಕಳ್ಳತನ ಇಳಿಯಿತು, ಬೀದಿಯಲ್ಲಿ ಸಾಯುವವರು ಕಡಿಮೆಯಾದರು, ಅಷ್ಟೇ ಮುಖ್ಯವಾಗಿ ಪ್ರವಾಸಿಗರ ಕಣ್ಣಿಗೆ ಏನೂ ಬೀಳದಂತಾಯಿತು. ಕೊನೆಯದೇ ಸ್ವಿಸ್ ಮತದಾರನ ಮನಸ್ಸು ಒಲಿಸಿತು ಎಂಬುದು ನನ್ನ ಗುಮಾನಿ.

2008ರ ನವೆಂಬರ್ 30ರಂದು ಆ ದೇಶದವರ ಮುಂದೆ ಎರಡು ಪ್ರಶ್ನೆ ಬಂದವು. ಸರ್ಕಾರದ ಹೆರಾಯಿನ್ ಚಿಕಿತ್ಸೆಯನ್ನು ಕಾಯಂ ಮಾಡಲೇ? ನೂರಕ್ಕೆ 68 ಮಂದಿ ಮಾಡಿ ಎಂದರು. ಸ್ವಂತಕ್ಕೆ ಗಾಂಜಾ ಸೇದುವವರನ್ನು ಅವರ ಪಾಡಿಗೆ ಬಿಟ್ಟುಬಿಡಲೇ? 63 ಮಂದಿ ಕೂಡದು ಎಂದರು. ಹೆರಾಯಿನ್ ಆಗಬಹುದು, ಗಾಂಜಾ ಆಗದು, ಒಂದೇ ದಿನ, ಒಂದೇ ಲಕೋಟೆಯಲ್ಲಿ. ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಟೀಚರಮ್ಮನ ಕ್ಲಾಸಿನಲ್ಲಿ ಕೂತು ಬಂದವರಿಗೆ ಅನ್ನಿಸುವುದಿಲ್ಲ. ಗಾಂಜಾ ಸೇದುವವನು ತನ್ನಷ್ಟಕ್ಕೆ ತಾನು ಸೇದುತ್ತಾನೆ, ಕೇಳುವವರಿಲ್ಲ. ಹೆರಾಯಿನ್ನಿನವನು ಆಗ ದಿನಕ್ಕೆರಡು ಸಲ ಕ್ಲಿನಿಕ್ಕಿಗೆ ಹೋಗಬೇಕಿತ್ತು, ಹೆಸರು ಹೇಳಬೇಕಿತ್ತು, ಕೈ ತೊಳೆಯಬೇಕಿತ್ತು, ಅಳೆದು ಕೊಟ್ಟದ್ದನ್ನು ನರ್ಸಮ್ಮನ ಎದುರೇ ಚುಚ್ಚಿಕೊಳ್ಳಬೇಕಿತ್ತು, ಸಿರಿಂಜು ಡಬ್ಬಿಗೆ ಹಾಕಿ, ಮೇಜು ಒರೆಸಿ, ಥ್ಯಾಂಕ್ಸ್ ಹೇಳಿ ಹೊರಡಬೇಕಿತ್ತು. ಬಾಗಿಲು ತೆರೆಯಲು ಹೊತ್ತುಗೊತ್ತು ಇತ್ತು, ಮುಚ್ಚಲೂ ಇತ್ತು, ಗೋಡೆಯ ಗಡಿಯಾರ ಸ್ವಿಸ್ಸಿನದು.